40 ದಾಟಿದ ಮೇಲೆ ಬ್ಯಾಸ್ಕೆಟ್‌ಬಾಲ್, ಮಂಡಿನೋವು: ಆಟ ಬಿಡಬೇಕಾ, ನೀ ಕ್ಯಾಪ್ ಹಾಕಿದರೆ ಸಾಕಾ?

ಮಂಡಿಚಿಪ್ಪಿನ ಕೆಳಗೆ, ಒಂದೇ ಬೆರಳಿಟ್ಟು ತೋರಿಸುವಷ್ಟು ಜಾಗದಲ್ಲಿ ನೋವು. ಆಡ್ತಾ ಆಡ್ತಾ ಮೈ ಬಿಸಿಯಾದರೆ ಗೊತ್ತೇ ಆಗುವುದಿಲ್ಲ, ಮರುದಿನ ಮೆಟ್ಟಿಲು ಇಳಿಯುವಾಗ ಜೀವ ಹಿಂಡುತ್ತದೆ. ಹೀಗೇ ಅಲ್ವಾ ನೀವು ಪತ್ರದಲ್ಲಿ ಬರೆದಿರುವುದು? ಬ್ಯಾಸ್ಕೆಟ್‌ಬಾಲ್ ಬಿಟ್ಟು ಈಜಲಾ, ಇಲ್ಲ ನೀ ಕ್ಯಾಪ್ (ಮಂಡಿಗೆ ತೊಡುವ ಬಿಗಿ ಬಟ್ಟೆ ಕವಚ) ತಗೊಳ್ಳಲಾ ಅಂತ ಕೇಳಿದ್ದೀರಿ. ನನಗೆ ಇದು 42ರಲ್ಲಿ ಶುರುವಾಯಿತು.

ನನ್ನನ್ನು ಕೆಡಿಸಿದ್ದು ಒಂದೇ ತಪ್ಪು. ನೋವು ಬಂದಾಗ ಪೂರ್ತಿ ರೆಸ್ಟ್, ಹೋದ ತಕ್ಷಣ ಪೂರ್ತಿ ಆಟ. ಕೆಲವು ವಾರ ಸುಮ್ನೆ ಕೂತರೆ ನೋವು ನಿಜಕ್ಕೂ ಹೋಗುತ್ತಿತ್ತು. ವಾಸಿಯಾಯಿತು ಅಂದುಕೊಂಡು ಶೂ ಕಟ್ಟಿ ಇಳಿಯುತ್ತಿದ್ದೆ, ಅದೂ ಮೊದಲ ದಿನವೇ ಫುಲ್ ಕೋರ್ಟ್. ಸ್ವಲ್ಪ ದಿನಕ್ಕೇ ನೋವು ಮತ್ತೆ ಹಾಜರ್, ಮೊದಲಿಗಿಂತ ಜಾಸ್ತಿ. ಮತ್ತೆ ರೆಸ್ಟ್. ಹೀಗೇ ವರ್ಷಗಳು ಹೋದವು.

ಯಾಕೆ ಹೀಗಾಯಿತು ಅಂತ ಬಿಡಿಸಿ ಹೇಳುತ್ತೇನೆ, ನೀವೂ ಅದೇ ದಾರಿ ಹಿಡಿದಿದ್ದೀರಿ. ಮಂಡಿಚಿಪ್ಪನ್ನು ಕೆಳಗಿನ ಮೂಳೆಗೆ ಹಿಡಿದಿಟ್ಟಿರುವ ಗಟ್ಟಿ ನಾರಿನ ಪಟ್ಟಿ ಒಂದಿದೆ, ಟೆಂಡನ್ ಅನ್ನುತ್ತಾರೆ. ಜಿಗಿದು ಇಳಿಯುವಾಗ ಮೈತೂಕದ ಹಲವು ಪಟ್ಟು ಭಾರ ಮಂಡಿಗೆ ಬೀಳುತ್ತದೆ, ಎಳೆತವೆಲ್ಲ ಈ ಪಟ್ಟಿಯ ಮೇಲೆ. ಅದು ಗಟ್ಟಿಯಾಗುವುದು ಭಾರ ಹೊತ್ತು ಹೊತ್ತೇ. ಸುಮ್ನೆ ಬಿಟ್ಟರೆ ನೋವಿನ ಜೊತೆ ಅದರ ತಾಕತ್ತೂ ಇಳಿಯುತ್ತದೆ, ತೊಡೆಯೂ ಸೊರಗುತ್ತದೆ. ಅಂದರೆ ಪ್ರತಿ ಸಲ ರೆಸ್ಟ್ ಮುಗಿಸಿ ಬಂದಾಗ ನನ್ನ ಮಂಡಿ ಹಿಂದಿಗಿಂತ ದುರ್ಬಲ, ಆಟದ ಏಟು ಮಾತ್ರ ಅಷ್ಟೇ. ನೋವಿಲ್ಲ ಅಂದರೆ ಶಕ್ತಿ ಇದೆ ಅಂತ ನಾನು ಲೆಕ್ಕ ಹಾಕುತ್ತಿದ್ದೆ.

ಕೊನೆಗೆ ಫಿಸಿಯೋ ಒಬ್ಬರು ಕನ್ನಡಿ ಮುಂದೆ ಗಿಡ್ಡ ಮೆಟ್ಟಿಲ ಮೇಲೆ ನಿಲ್ಲಿಸಿ, ಒಂದೊಂದೇ ಕಾಲಲ್ಲಿ ನಿಧಾನವಾಗಿ ಇಳಿಯಲು ಹೇಳಿದರು. ಚೆನ್ನಾಗಿದ್ದ ಕಾಲಲ್ಲಿ ನೆಟ್ಟಗೆ ಇಳಿದೆ. ನೋವಿನ ಕಾಲಿನ ತೊಡೆ ಗಡಗಡ ನಡುಗಿತು, ಮಂಡಿ ಒಳಕ್ಕೆ ವಾಲಿತು, ಇನ್ನೊಂದು ಹಿಮ್ಮಡಿ ಧಪ್ ಅಂತ ನೆಲಕ್ಕೆ ಬಿತ್ತು. ಈ ಕಾಲಿನ ಮೇಲೆ ನಾನು ಬುಟ್ಟಿಗೆ ಬೀಳದೆ ಪುಟಿದ ಚೆಂಡಿಗೆ, ಅಂದರೆ ರೀಬೌಂಡ್‌ಗೆ ಜಿಗಿಯುತ್ತಿದ್ದೆ!

ಹಾಗಾಗಿ "ಆಟ ಬಿಟ್ಟು ಈಜಲಾ, ಇಲ್ಲ ನೀ ಕ್ಯಾಪ್ ತಗೊಳ್ಳಲಾ" ಅನ್ನುವ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ನೀ ಕ್ಯಾಪ್ ಬೆಚ್ಚಗಿಡುತ್ತದೆ, ಧೈರ್ಯ ಕೊಡುತ್ತದೆ, ಶಕ್ತಿ ಕೊಡುವುದಿಲ್ಲ. ಈಜು ಒಳ್ಳೆಯದೇ, ಆದರೆ ನೀರಲ್ಲಿ ಮಂಡಿಗೆ ಟೆಂಡನ್ ಗಟ್ಟಿಯಾಗುವಷ್ಟು ಭಾರ ಬೀಳುವುದಿಲ್ಲ. ಆಟದ ದಿನ ನೋವಿನ ಮಾತ್ರೆ ನುಂಗಿ ಇಳಿಯುವುದಂತೂ ಬೇಡವೇ ಬೇಡ.

ಭಾರ ಹೊರಿಸಿ, ಮೆಲ್ಲಗೆ. ನಾನು ಗೋಡೆಗೆ ಬೆನ್ನು ಕೊಟ್ಟು ಅರ್ಧ ಕೂತು 45 ಸೆಕೆಂಡ್ ತಡೆದುಕೊಳ್ಳುವುದರಿಂದ ಶುರು ಮಾಡಿದೆ, ಹಾಗೆ 5 ಸಲ. ಆಮೇಲೆ ದಿನ ಬಿಟ್ಟು ದಿನ ತೂಕ ಹಿಡಿದು ಸ್ಕ್ವಾಟ್, ಮೂರು ಎಣಿಸುತ್ತಾ ಇಳಿದು ಮೂರು ಎಣಿಸುತ್ತಾ ಏಳುವುದು. ಮೀನಖಂಡಕ್ಕೂ ಕೆಲಸ ಕೊಡಿ. ಜಿಗಿತ ಬಂದಿದ್ದು ಇದೆಲ್ಲ ಸಲೀಸಾದ ಮೇಲೆ, ಆಟ ಕೊನೆಗೆ. 10ಕ್ಕೆ 3ರಷ್ಟು ನೋವಿದ್ದರೆ ಪರವಾಗಿಲ್ಲ, ಮರುದಿನ ಬೆಳಗ್ಗೆ ಅದು ಮೊದಲಿನ ಮಟ್ಟಕ್ಕೆ ಬಂದಿರಬೇಕು. ಬಂದಿಲ್ಲ ಅಂದರೆ ಹಿಂದಿನ ದಿನ ಜಾಸ್ತಿಯಾಗಿದೆ. ತಿಂಗಳುಗಟ್ಟಲೆ ಹಿಡಿಯುತ್ತದೆ, ಎರಡು ವಾರಕ್ಕೆ ಬೇಸತ್ತು ಬಿಡಬೇಡಿ.

ಹಾಫ್ ಕೋರ್ಟ್ ಆದರೆ ಮಂಡಿಗೆ ಹಗುರ ಅಂತ ನಂಬಿಕೊಂಡು ಕೂರಬೇಡಿ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫೀಬಾದ 3x3ಯಲ್ಲಿ, ಅಂದರೆ ಅರ್ಧ ಕೋರ್ಟಿನಲ್ಲಿ ಮೂರು ಮೂರು ಜನ ಆಡುವ ಆಟದಲ್ಲಿ, ಆಟ 10 ನಿಮಿಷವೇ, ಆದರೆ ಶಾಟ್ ಕ್ಲಾಕ್ (ಚೆಂಡು ಸಿಕ್ಕ ಮೇಲೆ ಬುಟ್ಟಿಗೆ ಎಸೆಯಲು ಇರುವ ಸಮಯ) 12 ಸೆಕೆಂಡ್. ಓಟ ಕಡಿಮೆ, ಗಕ್ಕನೆ ನಿಲ್ಲುವುದು, ತಿರುಗುವುದು ಜಾಸ್ತಿ. ನಾನಂತೂ ಸತತ ಎರಡು ದಿನ ಆಡುವುದನ್ನು ಬಿಟ್ಟೆ. ನಮ್ಮ ವಯಸ್ಸಿಗೆ ಅದೇ ದೊಡ್ಡ ಉಪಕಾರ.

ಇಷ್ಟೆಲ್ಲ ಹೇಳಿದ್ದು ಚಿಪ್ಪಿನ ಕೆಳಗಿನ ಈ ನೋವಿಗೆ ಮಾತ್ರ. ಮಂಡಿ ಊದಿಕೊಂಡರೆ, ಮಡಚಿದಲ್ಲೇ ಸಿಕ್ಕಿಕೊಂಡರೆ, ನಡೆಯುವಾಗ ಕುಸಿದರೆ ಅದು ಬೇರೆ ತೊಂದರೆ, ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ಸ್ಕ್ಯಾನ್‌ನಲ್ಲಿ ಮೆನಿಸ್ಕಸ್ (ಮಂಡಿಯೊಳಗಿನ ಮೆತ್ತೆಯಂಥ ಮೃದ್ವಸ್ಥಿ) ಸ್ವಲ್ಪ ಹರಿದಿದೆ ಅಂತ ಬಂದರೆ ಗಾಬರಿ ಬೇಡ. ನಡುವಯಸ್ಸು ದಾಟಿದವರಲ್ಲಿ ನೋವೇ ಇಲ್ಲದವರಿಗೂ ಅದು ಕಾಣುತ್ತದೆ. ಆಪರೇಷನ್‌ಗೆ ಒಪ್ಪುವ ಮೊದಲು ವ್ಯಾಯಾಮದಿಂದ ಆಗುತ್ತದಾ ಅಂತ ಕೇಳಿ.