ಒಂಬತ್ತನೇ ತರಗತಿಯ ಮಗಳು ಊಟದ ಡಬ್ಬಿಯನ್ನು ಮುಟ್ಟದೆ ವಾಪಸ್ ತರುತ್ತಾಳೆ, ಏನು ಮಾಡಲಿ?

ನಿಮ್ಮ ಅಡುಗೆ ಅವಳಿಗೆ ರುಚಿಸುತ್ತಿಲ್ಲವೆಂದು ನೊಂದುಕೊಂಡಿದ್ದೀರಿ. ಆದರೆ ರಾತ್ರಿ ಮನೆಯಲ್ಲಿ ಅದೇ ರಾಗಿರೊಟ್ಟಿಯನ್ನು ಕೇಳಿ ಹಾಕಿಸಿಕೊಂಡು ತಿನ್ನುತ್ತಾಳೆ ಎಂದೂ ನೀವೇ ಬರೆದಿದ್ದೀರಿ. ಹಾಗಿದ್ದರೆ ತೊಡಕು ರೊಟ್ಟಿಯಲ್ಲಿಲ್ಲ, ಡಬ್ಬಿ ತೆರೆಯುವ ಜಾಗದಲ್ಲಿದೆ.

ತುಮಕೂರು ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ನಾನು 17 ವರ್ಷಗಳಿಂದ ವಿಜ್ಞಾನ ಕಲಿಸುತ್ತಿದ್ದೇನೆ. ಎಂಟನೇ ತರಗತಿಯಲ್ಲಿ ಬಿಸಿಯೂಟದ ಸಾಲಿಗೆ ಓಡಿ ಬರುತ್ತಿದ್ದ ಮಕ್ಕಳೇ ಮರುವರ್ಷ ತಟ್ಟೆ ಹಿಡಿದು ನಿಲ್ಲಲು ನಾಚುತ್ತಾರೆ. ಡಬ್ಬಿ ತರುವವರು ಮುಚ್ಚಳ ಅರ್ಧ ತೆರೆದು ಅದರ ಮರೆಯಲ್ಲಿ ತಿನ್ನುತ್ತಾರೆ. ಕಳೆದ ವರ್ಷ ಒಬ್ಬ ಹುಡುಗಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ತಲೆ ಸುತ್ತಿ ಬಿದ್ದಳು. ಮದುವೆ ಮನೆಯಲ್ಲಿ ನೆಂಟರೊಬ್ಬರು "ಎಷ್ಟು ದಪ್ಪಗಾಗಿದ್ದೀಯೇ" ಎಂದಿದ್ದರಂತೆ; ಅಂದಿನಿಂದ ಬೆಳಗಿನ ತಿಂಡಿ ಬಿಟ್ಟಿದ್ದಳು. ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ ಎಂಟೇ ಗ್ರಾಂ ಇತ್ತು. ಆ ದಿನ ಅವಳ ತಾಯಿ ಅತ್ತದ್ದನ್ನು ನಾನು ಮರೆತಿಲ್ಲ.

ದೇಶದಲ್ಲಿ 15ರಿಂದ 19ರ ವಯಸ್ಸಿನ ಹುಡುಗಿಯರಲ್ಲಿ ಶೇ 59ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಆದ್ದರಿಂದ ಮೊದಲು ಮಗಳ ರಕ್ತ ಪರೀಕ್ಷೆ ಮಾಡಿಸಿ. ಶಾಲೆಯಲ್ಲಿ ವಾರಕ್ಕೊಮ್ಮೆ ಕಬ್ಬಿಣಾಂಶದ ನೀಲಿ ಮಾತ್ರೆ ಕೊಡುತ್ತಿದ್ದರೆ ಅದನ್ನು ನುಂಗುತ್ತಾಳೆಯೇ ಎಂದು ಕೇಳಿ. ಒಬ್ಬಳು ಬಿಸಾಡಿದರೆ ಜೊತೆಯಲ್ಲಿರುವವರೂ ಬಿಸಾಡುತ್ತಾರೆ.

ಇನ್ನು ಮಗಳು ಗೆಳತಿಯರ ಜೊತೆ ಹೊರಗೆ ಗೋಬಿ ಮಂಚೂರಿ ತಿನ್ನುತ್ತಾಳೆ ಎಂದು ನೀವು ಬರೆದ ವಿಷಯ. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿನಿಸುಗಳನ್ನು ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಮಾರಬಾರದು ಎಂಬ ನಿಯಮ 2020ರಲ್ಲೇ ಬಂದಿದೆ. ಆದರೆ ಮಕ್ಕಳು ಅದಕ್ಕಿಂತ ದೂರವೂ ನಡೆದು ಹೋಗುತ್ತಾರೆ, ಏಕೆಂದರೆ ಒಟ್ಟಿಗೆ ನಡೆಯುತ್ತಾರೆ. ಐದು ಜನ ಹತ್ತು ಹತ್ತು ರೂಪಾಯಿ ಸೇರಿಸಿ ಒಂದೇ ತಟ್ಟೆಗೆ ಕೈ ಹಾಕುವಾಗ ಆ ಐವರಲ್ಲಿ ತಾನೂ ಒಬ್ಬಳು ಎಂಬುದೇ ಅವಳಿಗೆ ದೊಡ್ಡದು. ಅದನ್ನು ಪೂರ್ತಿ ನಿಲ್ಲಿಸಲು ಹೋಗಬೇಡಿ; ಕದ್ದು ತಿನ್ನುವುದನ್ನು ಕಲಿಯುತ್ತಾಳೆ.

ನಮ್ಮ ತರಗತಿಯಲ್ಲಿ ಫಲ ಕೊಟ್ಟದ್ದು ಉಪದೇಶವಲ್ಲ. ನಾನೂ ಡಬ್ಬಿ ತಂದು ಮಕ್ಕಳ ನಡುವೆ ಕುಳಿತೆ, ಎಲ್ಲರ ಡಬ್ಬಿಯನ್ನೂ ಮಧ್ಯದಲ್ಲಿ ಇಡಿಸಿದೆ. ಮುಚ್ಚಳ ಮರೆಮಾಡಿ ತಿನ್ನುತ್ತಿದ್ದ ಹುಡುಗಿಯೊಬ್ಬಳ ಹುಚ್ಚೆಳ್ಳು ಚಟ್ನಿಯನ್ನು ತರಗತಿಯ ಮುಂದಾಳು ಹುಡುಗಿ ಎರಡನೇ ಸಲ ಕೇಳಿ ಹಾಕಿಸಿಕೊಂಡಳು. ಮರುದಿನ ಚಟ್ನಿ ತಂದಿದ್ದ ಹುಡುಗಿ ದೊಡ್ಡ ಡಬ್ಬಿ ತಂದಳು.

ನೀವು ನಾಳೆ ನಾಲ್ಕು ರೊಟ್ಟಿ ಹೆಚ್ಚಿಗೆ ಹಾಕಿ, ಗೆಳತಿಯರಿಗೆಂದು ಹೇಳಿ ಕಳುಹಿಸಿ. ಸಂಜೆ ಡಬ್ಬಿ ತೆರೆದು ನೋಡುವಾಗ ಏನನ್ನೂ ಕೇಳಬೇಡಿ.