ಆಸ್ಪೆನ್ ಬರೀ ದುಡ್ಡಿರುವವರ ಸ್ಕೀ ಊರಾ?

ಅಮೆರಿಕದ ಕೊಲರಾಡೋ ರಾಜ್ಯದ ಆಸ್ಪೆನ್‌ಗೆ ದುಡ್ಡು ಬಂದ ಮೇಲೆ ಸಂಗೀತ, ವಿಚಾರಗೋಷ್ಠಿ ಎಲ್ಲ ಶೋಕಿಗೆ ಬಂದವಾ ಅಂತ ಕೇಳಿದ್ದೀರಿ. ಆದದ್ದು ಹೆಚ್ಚುಕಡಿಮೆ ಉಲ್ಟಾ. ನಾನು ಡೆನ್ವರ್‌ನಲ್ಲಿದ್ದಾಗ ಅಲ್ಲಿಗೆ ಹೋಗುತ್ತಿದ್ದದ್ದೇ ಬೇಸಿಗೆಯಲ್ಲಿ. ಹಿಮದ ಮೇಲೆ ಜಾರುವ ಆ ಸ್ಕೀ ಆಟ ನನಗೆ ಇವತ್ತಿಗೂ ಬರುವುದಿಲ್ಲ.

ಅದು ಅಮೆರಿಕದ ಮೂಲನಿವಾಸಿಗಳಾದ ಯೂಟ್ ಜನರ ನೆಲ. 1879ರಲ್ಲಿ ಬೆಳ್ಳಿ ಹುಡುಕುವವರು ಬಂದರು. ಎರಡೇ ವರ್ಷದಲ್ಲಿ ಸರ್ಕಾರ ಯೂಟ್‌ ಜನರನ್ನು ಪಶ್ಚಿಮಕ್ಕೆ, ಯೂಟಾ ಕಡೆಗೆ ಅಟ್ಟಿತು. 1889ಕ್ಕೆ ಊರಲ್ಲಿ ಆಪೆರಾ ಹೌಸ್ ಕೂಡ ಎದ್ದಿತ್ತು. 1893ರಲ್ಲಿ ಸರ್ಕಾರ ಬೆಳ್ಳಿ ಕೊಳ್ಳುವುದನ್ನು ನಿಲ್ಲಿಸಿತು, ಗಣಿಗಳು ಮುಚ್ಚಿದವು. 1930ರಲ್ಲಿ ಉಳಿದಿದ್ದವರು ಸುಮಾರು 700 ಜನ.

ಮನೆಗಳು ಖಾಲಿ, ಬೆಲೆ ಅಗ್ಗ. 1945ರಲ್ಲಿ ಷಿಕಾಗೋದ ರಟ್ಟಿನ ಪೆಟ್ಟಿಗೆ ಉದ್ಯಮಿ ವಾಲ್ಟರ್ ಪೇಪ್ಕಿಯನ್ನು ಅವರ ಹೆಂಡತಿ ಎಲಿಜಬೆತ್ ಅಲ್ಲಿಗೆ ಕರೆತಂದರು. ಪೇಪ್ಕಿಗೆ ಬೇಕಿದ್ದದ್ದು ದೇಹಕ್ಕೂ ತಲೆಗೂ ಕೆಲಸ ಕೊಡುವ ಊರು. ಹತ್ತಿರದಲ್ಲೇ ಸೈನ್ಯದ ಪರ್ವತ ದಳದಲ್ಲಿ ತರಬೇತಿ ಪಡೆದಿದ್ದ ಆಸ್ಟ್ರಿಯಾದ ಫ್ರೀಡ್ಲ್ ಫೈಫರ್ ಜೊತೆ ಸೇರಿದರು. ಆಗ ಜಗತ್ತಿನಲ್ಲೇ ಅತಿ ಉದ್ದದ್ದು ಎನಿಸಿಕೊಂಡ ಚೇರ್‌ಲಿಫ್ಟ್ (ಸ್ಕೀ ಆಡುವವರನ್ನು ಬೆಟ್ಟದ ಮೇಲಕ್ಕೆ ಒಯ್ಯುವ ತೂಗುಕುರ್ಚಿ ಸಾಲು) 1947ರ ಜನವರಿಯಲ್ಲಿ ಉದ್ಘಾಟನೆಯಾಯಿತು.

ನನಗೆ ಜಾಸ್ತಿ ಇಷ್ಟವಾದದ್ದು 1949ರ ಕಥೆ. ಜರ್ಮನ್ ಕವಿ ಗಯಟೆ ಹುಟ್ಟಿ 200 ವರ್ಷ ಅಂತ ಪೇಪ್ಕಿ ಆಸ್ಪೆನ್‌ನಲ್ಲಿ ದೊಡ್ಡ ಉತ್ಸವ ಇಟ್ಟರು. ಯುದ್ಧ ಮುಗಿದು ನಾಲ್ಕೇ ವರ್ಷ; ಜರ್ಮನಿ ಅಂದರೆ ಹಿಟ್ಲರ್ ಒಬ್ಬನೇ ಅಲ್ಲ ಅಂತ ತೋರಿಸುವ ನೆಪವೂ ಆಯಿತು. ವಾಸ್ತುಶಿಲ್ಪಿ ಈರೋ ಸಾರಿನೆನ್ ವಿನ್ಯಾಸದ ದೊಡ್ಡ ಡೇರೆ ಎದ್ದಿತು. ಆಫ್ರಿಕಾದಲ್ಲಿ ಆಸ್ಪತ್ರೆ ನಡೆಸುತ್ತಿದ್ದ ವೈದ್ಯ, ಚಿಂತಕ ಆಲ್ಬರ್ಟ್ ಶ್ವೈಟ್ಸರ್ ಅಲ್ಲಿಂದ ಬಂದರು. ಅವರು ಜೀವನದಲ್ಲಿ ಅಮೆರಿಕಕ್ಕೆ ಹೋದದ್ದು ಅದೊಂದೇ ಸಲ! ಸಂಗೀತೋತ್ಸವ, ವಿಚಾರಗೋಷ್ಠಿ ನಡೆಸುವ ಆಸ್ಪೆನ್ ಇನ್‌ಸ್ಟಿಟ್ಯೂಟ್ ಎರಡೂ ಅದರಿಂದಲೇ ಮೊಳೆತವು. 1962ರಲ್ಲಿ ಭೌತವಿಜ್ಞಾನಿಗಳ ಬೇಸಿಗೆ ಕೇಂದ್ರವೂ ಸೇರಿತು.

ಹಾಗಂತ ಊರಿನವರು ಕೈಮುಗಿದು ನಿಂತಿರಲಿಲ್ಲ. ಮನೆಗೆ ಬಣ್ಣ ಪುಕ್ಕಟೆ ಕೊಡ್ತೀನಿ, ಬಣ್ಣ ಯಾವುದು ಅಂತ ನಮ್ಮ ಕಲಾವಿದರು ಹೇಳ್ತಾರೆ ಎಂದರು ಪೇಪ್ಕಿ. ಬಹಳ ಜನ ಬೇಡ ಅಂದರು. ಸರಿಯೇ ಅಲ್ವಾ? 1970ರಲ್ಲಿ ಪತ್ರಕರ್ತ ಹಂಟರ್ ಥಾಂಪ್ಸನ್ ಶೆರಿಫ್ (ಜಿಲ್ಲೆಯ ಪೊಲೀಸ್ ಮುಖ್ಯಸ್ಥ) ಚುನಾವಣೆಗೇ ನಿಂತ. ರಸ್ತೆ ಕಿತ್ತು ಹುಲ್ಲು ಹಾಕ್ತೀನಿ, ಊರಿಗೆ 'ಫ್ಯಾಟ್ ಸಿಟಿ' (ಕೊಬ್ಬಿದ ಊರು) ಅಂತ ಹೆಸರಿಡ್ತೀನಿ, ಆಗ ಆ ಹೆಸರು ಮಾರಿಕೊಂಡು ದುಡ್ಡು ಮಾಡುವ ಭೂಮಿ ವ್ಯಾಪಾರದವರು ಬರೋದಿಲ್ಲ ಅನ್ನುವುದು ಅವನ ವಾದ. ಸೋತ. ಅವನು ಹೆದರಿದ್ದೇ ಆಯಿತು, ಊರಲ್ಲಿ ಮನೆ ಕೈಗೆಟುಕದಂತಾಯಿತು: ಇವತ್ತು ಅಲ್ಲಿ ಕೆಲಸ ಮಾಡುವ ಎಷ್ಟೋ ಜನ ಕಣಿವೆಯ ಕೆಳಗಿನ ಊರುಗಳಿಂದ ದಿನಾ ಬಸ್ಸು ಹತ್ತಿ ಬರುತ್ತಾರೆ.

ಹೋಗುವುದಾದರೆ ಜುಲೈನಲ್ಲಿ ಹೋಗಿ. ಡೇರೆಯ ಹೊರಗೆ ಹುಲ್ಲಿನ ಮೇಲೆ ಕೂತು ಸಂಗೀತ ಕೇಳಲು ಟಿಕೆಟ್ ಬೇಕಿಲ್ಲ. ಒಂದು ಜಮಖಾನ, ಒಂದು ಸ್ವೆಟರ್ ಇಟ್ಟುಕೊಳ್ಳಿ. ಬುತ್ತಿಯನ್ನೂ ಕಟ್ಟಿಕೊಂಡು ಹೋಗಿ, ಹೋಟೆಲ್ ರೇಟು ಕೇಳಿದರೆ ಹಸಿವೇ ಹೋಗುತ್ತದೆ.