ಹಿನ್ನೀರಿಗೆ ವೈಫೈ ರೂಟಿಂಗ್ ಬ್ಯಾಡ್ರಿ

ಬಾಗಲಕೋಟಿ ಹಿನ್ನೀರಿನ್ಯಾಗ ಎಂಟು ಸೆನ್ಸರ್ ಇಳಿಸಿ, ವೈಫೈಗೆ ಬರೆದ ರೂಟಿಂಗ್ (ಮಾಹಿತಿ ಯಾವ ದಾರಿಲೆ ಹೋಗಬೇಕಂತ ಹೇಳೋ) ಕೋಡ್‌ನೇ ಹಾಕಬಹುದಾ ಅಂತ ಕೇಳೀರಿ. ಆಗೂದಿಲ್ರಿ. ವೈಫೈ ಸಿಗ್ನಲ್ ನೀರಾಗ ಒಂದು ಮೊಳ ದಾಟೂದಿಲ್ಲ, ಧ್ವನಿನೇ ಗತಿ. ಅದರ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್, ಅಂದ್ರ ಒಂದು ಕಿಲೋಮೀಟರ್ ಹೋಗಿ ಬರಾಕ 1.3 ಸೆಕೆಂಡ್ ಬೇಕು. ದಾರಿ ಎಲ್ಲೈತಿ ಅಂತ ಎಲ್ಲಾ ನೋಡ್‌ಗೂ (ಅಂದ್ರ ಜಾಲದಾಗಿನ ಒಂದೊಂದು ಸೆನ್ಸರ್‌ಗೂ) ಕೂಗಿ ಕೇಳೂದ್ರಾಗ ಬ್ಯಾಟರಿ ಮುಗೀತೈತಿ.

ಆಳ ನೋಡಿ ದಾಟಿಸೋ ರೂಟಿಂಗ್ ಒಂದೈತಿ: ಪ್ಯಾಕೆಟ್ (ಮಾಹಿತಿ ತುಣುಕು) ಕೇಳಿದ ನೋಡ್, ಕಳಿಸಿದ ನೋಡ್‌ಗಿಂತ ಮ್ಯಾಲಿದ್ರ ಮಾತ್ರ ಮುಂದ ಕಳಿಸ್ತೈತಿ. ಆಳ ತಿಳಿಯಾಕ ಒತ್ತಡದ ಸೆನ್ಸರ್ ಇದ್ರ ಸಾಕು, ಜಿಪಿಎಸ್ ಬ್ಯಾಡ. ಚಲೋ ಐಡಿಯಾ, ಆದ್ರ ಸಮುದ್ರಕ್ಕ. ನಿಮ್ಮಲ್ಲಿ ಬ್ಯಾಸಗ್ಯಾಗ ನೀರು ಇಳಿದ್ರ ಎಲ್ಲಾ ನೋಡ್‌ಗಳೂ ಹೆಚ್ಚುಕಮ್ಮಿ ಒಂದೇ ಆಳದಾಗ, ಯಾವುದು ಮ್ಯಾಲ ಅಂತ ಹೇಳಾಕ ಆಗೂದಿಲ್ಲ! ಇರೂದು ಎಂಟೇ ಸೆನ್ಸರ್ ಅಲ್ಲೇನ್ರಿ, ದಾರಿ ಕೈಯಿಂದನೇ ಬರೀರಿ, ಪ್ರತಿಯೊಂದಕ್ಕೂ ಒಂದು ಬದಲಿ ದಾರಿ ಇಟ್ಟು.